ಹೇಳಿಕೊಳ್ಳಲು ನಾಚುವ ಗಡ್ಡೆ

ಕ್ಯಾನ್ಸರ್ ಎಂದ ಕೂಡಲೇ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳಲ್ಲಿ ನೆನಪಾಗುವುದು ಗುಟ್ಕಾ ಮತ್ತು ಜರ್ದಾ. ಬಾಯಿ ತೆರೆಯಲಾಗದೆ ನರಳುವ ಗಂಡಸರನ್ನು ಎಲ್ಲರೂ ಕಂಡಿದ್ದೇವೆ. ಹೆಂಗಸರಾದರೆ ಸ್ತನ, ಇಲ್ಲವೇ ಗರ್ಭಕೊರಳು. ಇವೆಲ್ಲ ಹೆಚ್ಚಾಗಿ ನಲವತ್ತು ದಾಟಿದವರ ಕಾಯಿಲೆಗಳು. ಹಾಗಾಗಿ ಇಪ್ಪತ್ತರ ಹುಡುಗನಿಗೆ, ಹದಿನಾರರ ಹುಡುಗಿಗೆ ಕ್ಯಾನ್ಸರ್ ಬರಬಹುದು ಎಂದರೆ ನಂಬುವವರು ಕಡಿಮೆ. ಬೀಡಿ ಮುಟ್ಟದ, ಐದು ಹೊತ್ತಿನ ನಮಾಝ್ ತಪ್ಪಿಸದ ಹುಡುಗನಿಗೆ ಅದು ಹೇಗೆ ಬರುತ್ತದೆ ಎಂದು ಕೇಳುತ್ತಾರೆ. ಬರುತ್ತದೆ. ಅಪರೂಪಕ್ಕೆ ಬರುತ್ತದೆ. ಕೆಲವೊಮ್ಮೆ ಹೇಳಿಕೊಳ್ಳಲು ನಾಚುವ ಜಾಗದಲ್ಲೇ ಬರುತ್ತದೆ. ಗುಣವಾಗುವ ಕ್ಯಾನ್ಸರುಗಳ ಸಾಲಿನಲ್ಲಿ ಮೊದಲು ನಿಲ್ಲುವ ಈ ರೋಗದಲ್ಲಿ ಜೀವಕ್ಕೆ ಕುತ್ತು ತರುವುದು ಬಹುಮಟ್ಟಿಗೆ ತಡ. ಆ ತಡಕ್ಕೆ ನಮ್ಮಲ್ಲಿ ದೊಡ್ಡ ಕಾರಣ ನಾಚಿಕೆ. ನಮ್ಮ ಮನೆಗಳಲ್ಲಿ, ಮಸೀದಿಗಳಲ್ಲಿ ಈ ಮಾತು ಬಾಯಿಬಿಟ್ಟು ಆಡಬೇಕು ಎಂದು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ವೈದ್ಯರು ಇದನ್ನು ಜರ್ಮ್ ಸೆಲ್ ಟ್ಯೂಮರ್ ಎನ್ನುತ್ತಾರೆ. ಮುಂದೆ ಗಂಡಿನಲ್ಲಿ ವೀರ್ಯಾಣುವಾಗಿ, ಹೆಣ್ಣಿನಲ್ಲಿ ಅಂಡಾಣುವಾಗಿ ಬೆಳೆಯಬೇಕಾದ ಮೂಲ ಕೋಶಗಳಿಂದ ಹುಟ್ಟುವ ಗಡ್ಡೆ ಇದು. ತಾಯಿಯ ಹೊಟ್ಟೆಯಲ್ಲಿ ಮಗು ಕೆಲವೇ ವಾರಗಳದ್ದಾಗಿರುವಾಗ ಈ ಕೋಶಗಳು ಬೇರೆ ಕಡೆ ಹುಟ್ಟಿ, ದೇಹದ ನಡುಗೆರೆಯಲ್ಲೇ ಸಾಗಿ ವೃಷಣಕ್ಕೋ ಅಂಡಾಶಯಕ್ಕೋ ಬಂದು ಸೇರುತ್ತವೆ. ದಾರಿಯಲ್ಲಿ ಕೆಲವು ಉಳಿದುಬಿಡುತ್ತವೆ ಎಂಬುದು ವೈದ್ಯರ ವಿವರಣೆ. ಆದ್ದರಿಂದಲೇ ಈ ಗಡ್ಡೆ ವೃಷಣ, ಅಂಡಾಶಯಗಳಲ್ಲಿ ಮಾತ್ರವಲ್ಲದೆ ಎದೆಯ ನಡುವೆ, ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನುಮೂಳೆಯ ತುದಿಯಲ್ಲಿ, ಮೆದುಳಿನಲ್ಲೂ ಕಾಣಿಸಿಕೊಳ್ಳುತ್ತದೆ. ಗಂಡಸರಲ್ಲಿ ಹೆಚ್ಚಾಗಿ 15ರಿಂದ 35ರ ವಯಸ್ಸು. ಹುಡುಗಿಯರಲ್ಲಿ ಹತ್ತರಿಂದ ಮೂವತ್ತರೊಳಗೆ. ಉತ್ತರ ಯುರೋಪಿನ ದೇಶಗಳಲ್ಲಿ ವೃಷಣದ ಕ್ಯಾನ್ಸರ್ ವರ್ಷಕ್ಕೆ ಲಕ್ಷ ಗಂಡಸರಲ್ಲಿ ಹತ್ತರಷ್ಟು ಜನರಿಗೆ ಬಂದರೆ ಭಾರತದಲ್ಲಿ ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ. ಅಪರೂಪ ಎಂಬುದು ಸಮಾಧಾನದ ಮಾತು. ಆದರೆ ಅದೇ ಅಪಾಯ ಕೂಡ, ಏಕೆಂದರೆ ಹಳ್ಳಿಯ ವೈದ್ಯರೊಬ್ಬರು ಇಡೀ ಸೇವೆಯಲ್ಲಿ ಒಂದೆರಡು ಸಲವಷ್ಟೇ ನೋಡುವ ರೋಗವನ್ನು ಮೊದಲ ನೋಟಕ್ಕೇ ಗುರುತಿಸುವುದು ಕಷ್ಟ.

ಈ ಮೂಲ ಕೋಶಗಳಿಗೆ ದೇಹದ ಯಾವ ಅಂಗಾಂಶವಾಗಿಯಾದರೂ ಬೆಳೆಯುವ ಶಕ್ತಿ ಇದೆ. ಆದ್ದರಿಂದ ಇವುಗಳಲ್ಲಿ ಟೆರಟೋಮಾ ಎಂಬ ಬಗೆಯ ಗಡ್ಡೆಯನ್ನು ಕೊಯ್ದು ನೋಡಿದರೆ ಒಳಗೆ ಕೂದಲು, ಹಲ್ಲು, ಮೂಳೆಯ ಚೂರು ಸಿಗುವುದುಂಟು. ಹುಡುಗಿಯರ ಅಂಡಾಶಯದಲ್ಲಿ ಇದು ಸಾಕಷ್ಟು ಸಾಮಾನ್ಯ, ಬಹುಪಾಲು ಕ್ಯಾನ್ಸರ್ ಅಲ್ಲದ ನಿರುಪದ್ರವಿ ಗಡ್ಡೆ. ಇಲ್ಲೊಂದು ಮಾತು ಹೇಳಲೇಬೇಕು. ಹೊಟ್ಟೆಯೊಳಗಿಂದ ಕೂದಲು ಬಂತು, ಹಲ್ಲು ಬಂತು ಎಂದಾಗ ನಮ್ಮ ಜನ ಮೊದಲು ಹೇಳುವ ಪದ ಜಾದೂ. ಯಾರೋ ಮಾಡಿಸಿದ್ದಾರೆ, ಯಾರೋ ಏನೋ ತಿನ್ನಿಸಿದ್ದಾರೆ ಎಂದು ಸೊಸೆಯ ತವರಿನ ಮೇಲೋ ನೆರೆಮನೆಯ ಮೇಲೋ ಬೆರಳು ಹೋಗುತ್ತದೆ. ಯಾರೂ ಏನೂ ಮಾಡಿಸಿಲ್ಲ. ತಾಯಿಯ ಗರ್ಭದಲ್ಲಿ ಅಲ್ಲಾಹನು ಒಂದು ಕೋಶಕ್ಕೆ ಕೊಟ್ಟ ಶಕ್ತಿ ದಾರಿ ತಪ್ಪಿ ಬೆಳೆದದ್ದು ಅಷ್ಟೇ. ದುಆ ಮಾಡಿ, ಕುರ್‌ಆನ್ ಓದಿ ಊದಿಸಿಕೊಳ್ಳಿ, ಯಾರೂ ಬೇಡ ಎನ್ನುವುದಿಲ್ಲ. ಆದರೆ ತಾವೀಜ್ ಕಟ್ಟಿಸಿ ಮೂರು ಜುಮಾ ಕಾಯೋಣ ಎಂಬ ಸಲಹೆಯನ್ನು ಈ ರೋಗದಲ್ಲಿ ಒಪ್ಪಲಾಗದು, ಇದರ ಕೆಲವು ಬಗೆಗಳು ವಾರಗಳಲ್ಲೇ ದೊಡ್ಡದಾಗುತ್ತವೆ.

ಈಗ ಖತ್ನಾ ವಿಷಯಕ್ಕೆ ಬರುತ್ತೇನೆ. ಇದು ನಮ್ಮ ಸಮುದಾಯಕ್ಕೆ ಇರುವ ಒಂದು ಅವಕಾಶ, ಅದನ್ನು ನಾವು ಬಳಸಿಕೊಳ್ಳುತ್ತಿಲ್ಲ ಎಂಬುದು ನನ್ನ ದೂರು. ವೃಷಣದ ಈ ಗಡ್ಡೆಗೆ ಖಚಿತವಾಗಿ ಗೊತ್ತಿರುವ ಕಾರಣಗಳಲ್ಲಿ ಮುಖ್ಯವಾದದ್ದು ಹುಟ್ಟುವಾಗ ವೃಷಣ ಕೆಳಚೀಲಕ್ಕೆ ಇಳಿಯದೆ ತೊಡೆಸಂದಿಯಲ್ಲೋ ಹೊಟ್ಟೆಯೊಳಗೋ ಉಳಿದುಬಿಡುವುದು. ದಿನ ತುಂಬಿ ಹುಟ್ಟಿದ ಗಂಡು ಮಕ್ಕಳಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಹೀಗಿರುತ್ತದೆ, ದಿನ ತುಂಬದೆ ಹುಟ್ಟಿದವರಲ್ಲಿ ಇನ್ನೂ ಹೆಚ್ಚು. ಬಹುಪಾಲು ಮಕ್ಕಳಲ್ಲಿ ಮೊದಲ ಆರು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿಯದಿದ್ದರೆ ಆರರಿಂದ ಹದಿನೆಂಟು ತಿಂಗಳೊಳಗೆ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ಕೆಳಗಿಳಿಸಿ ಹೊಲಿಯಬೇಕು. ಹೀಗೆ ಬೇಗ ಮಾಡಿಸಿದರೆ ಮುಂದೆ ಗಡ್ಡೆ ಬರುವ ಸಾಧ್ಯತೆ ಕಡಿಮೆಯಾಗುತ್ತದೆ, ಮಕ್ಕಳಾಗುವ ಶಕ್ತಿ ಉಳಿಯುತ್ತದೆ, ಮತ್ತು ಮುಂದೆ ಏನಾದರೂ ಬೆಳೆದರೂ ಕೈಗೆ ಸಿಗುತ್ತದೆ. ಹೊಟ್ಟೆಯೊಳಗೇ ಉಳಿದ ವೃಷಣದಲ್ಲಿ ಬೆಳೆದ ಗಡ್ಡೆ ಹೊಟ್ಟೆ ಉಬ್ಬುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ಪ್ರತಿಯೊಂದು ಗಂಡು ಮಗುವನ್ನೂ ಖತ್ನಾ ಸಮಯದಲ್ಲಿ ಒಬ್ಬರಲ್ಲ ಒಬ್ಬರು ಬಟ್ಟೆ ತೆಗೆದು ನೋಡಿಯೇ ನೋಡುತ್ತಾರೆ. ಹಜಾಮನಿರಲಿ, ಡಾಕ್ಟರಿರಲಿ, ಎರಡೂ ಬೀಜ ಚೀಲದಲ್ಲಿವೆಯೇ ಎಂದು ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಸಮಸ್ಯೆ ಏನೆಂದರೆ ನಮ್ಮ ಕಡೆ ಅನೇಕ ಮನೆಗಳಲ್ಲಿ ಖತ್ನಾ ಆಗುವುದು ಮಗುವಿಗೆ ಮೂರು, ಐದು, ಏಳು ವರ್ಷವಾದ ಮೇಲೆ. ಅಣ್ಣ ತಮ್ಮಂದಿರದ್ದು ಒಟ್ಟಿಗೆ ಮಾಡಿದರೆ ಖರ್ಚು ಉಳಿಯುತ್ತದೆ ಎಂಬ ಲೆಕ್ಕ. ಅಷ್ಟರಲ್ಲಿ ವೃಷಣ ಇಳಿಸುವ ಒಳ್ಳೆಯ ಸಮಯ ಕಳೆದಿರುತ್ತದೆ. ಆದ್ದರಿಂದ ತಾಯಂದಿರಿಗೆ ಒಂದು ಮಾತು. ಕೂಸಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕುವಾಗ ಒಮ್ಮೆ ಮುಟ್ಟಿ ನೋಡಿ. ಚಳಿಗೆ ವೃಷಣ ಮೇಲೆ ಸೇರಿಕೊಳ್ಳುವುದು ಸಹಜ, ಬಿಸಿನೀರಿನಲ್ಲಿ ಕೆಳಗೆ ಬರುತ್ತದೆ. ಬಿಸಿನೀರಿನಲ್ಲೂ ಒಂದು ಕಡೆ ಚೀಲ ಬರಿದಾಗಿದ್ದರೆ ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಮಕ್ಕಳ ವೈದ್ಯರಿಗೆ ತೋರಿಸಿ. ಖತ್ನಾ ಮಾಡುವವರಿಗೂ ಒಂದು ಮಾತು: ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಗಡೆ ಇದ್ದರೆ ಖತ್ನಾ ಮಾಡಲೇಬೇಡಿ. ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಆ ಚರ್ಮವೇ ಬೇಕು. ಇದು ಗಡ್ಡೆಗೆ ಸಂಬಂಧಿಸಿದ ಮಾತಲ್ಲ, ಪ್ರಸಂಗ ಬಂದದ್ದರಿಂದ ಹೇಳಿದೆ.

ದೊಡ್ಡ ಹುಡುಗರ ವಿಷಯ. ವೃಷಣದಲ್ಲಿ ಗಟ್ಟಿಯಾದ ಗಂಟು, ಅಥವಾ ಇಡೀ ವೃಷಣವೇ ಗಟ್ಟಿಯಾಗಿ ದೊಡ್ಡದಾಗುವುದು, ಕೆಳಹೊಟ್ಟೆಯಲ್ಲಿ ಎಳೆದಂತೆ ಭಾರ. ಹೆಚ್ಚಿನವರಿಗೆ ನೋವೇ ಇರುವುದಿಲ್ಲ, ಅದಕ್ಕೇ ಸುಮ್ಮನಿರುತ್ತಾರೆ. ಕ್ರಿಕೆಟ್ ಚೆಂಡು ಬಡಿದದ್ದು, ಬೈಕಿನ ಟ್ಯಾಂಕಿಗೆ ತಾಗಿದ್ದು ನೆನಪಾಗಿ ಅದರ ಬಾವು ಎಂದುಕೊಳ್ಳುತ್ತಾರೆ. ಪೆಟ್ಟಿನಿಂದ ಈ ಗಡ್ಡೆ ಬರುವುದಿಲ್ಲ, ಪೆಟ್ಟು ಬಿದ್ದಾಗ ಕೈ ಅಲ್ಲಿಗೆ ಹೋಗಿ ಮೊದಲೇ ಇದ್ದದ್ದು ಗೊತ್ತಾಗುತ್ತದೆ. ಇನ್ನು ಕೆಲವರು ತಾವು ಮಾಡಿದ ಯಾವುದೋ ಪಾಪಕ್ಕೆ ಸಿಕ್ಕ ಶಿಕ್ಷೆ ಎಂದು ಬಾಯಿಮುಚ್ಚಿ ಕೂರುತ್ತಾರೆ. ಹದಿಹರೆಯದ ತಪ್ಪುಗಳಿಗೂ ಈ ರೋಗಕ್ಕೂ ಯಾವ ಸಂಬಂಧವೂ ಇಲ್ಲ, ಇದು ಅಂಟುವುದೂ ಇಲ್ಲ. ಈ ಭಯವನ್ನೇ ಬಂಡವಾಳ ಮಾಡಿಕೊಂಡವರು ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ ಗುಪ್ತರೋಗ ತಜ್ಞರೆಂದು ಹೆಸರು ಬರೆಸಿಕೊಂಡವರು. ಹೆದರಿದ ಹುಡುಗ ಅಬ್ಬಾನಿಗೆ ಹೇಳಲಾರದೆ ಅಲ್ಲಿಗೆ ಹೋಗಿ ದುಡ್ಡು ಕೊಟ್ಟು ಲೇಹ್ಯ ತಿಂದು ತಿಂಗಳುಗಳನ್ನು ಕಳೆಯುತ್ತಾನೆ.

ಹಾಗೆಂದು ಪ್ರತಿ ಹುಡುಗನೂ ದಿನಾ ಮುಟ್ಟಿ ನೋಡಿ ಹೆದರಬೇಕಿಲ್ಲ. ಇಷ್ಟು ಅಪರೂಪದ ರೋಗಕ್ಕೆ ಎಲ್ಲರನ್ನೂ ತಪಾಸಣೆಗೆ ಒಳಪಡಿಸುವುದನ್ನು ವೈದ್ಯಲೋಕವೂ ಒಪ್ಪುವುದಿಲ್ಲ. ಗುಸ್ಲ್ ಮಾಡುವಾಗ ತನ್ನ ದೇಹ ಹೇಗಿದೆ ಎಂಬ ಅರಿವಿದ್ದರೆ ಸಾಕು, ಬದಲಾವಣೆ ಕಂಡ ದಿನವೇ ತಿಳಿಯುತ್ತದೆ. ತಿಳಿದ ಮೇಲೆ ಎರಡು ವಾರಕ್ಕಿಂತ ಹೆಚ್ಚು ಕಾಯಬಾರದು. ಆಂಟಿಬಯಾಟಿಕ್ ಮಾತ್ರೆ ಬರೆದು ಕಳಿಸುವ ವೈದ್ಯರಿದ್ದರೆ, ಡಾಕ್ಟರ್ ಸಾಹೇಬರೇ, ಒಂದು ಸ್ಕ್ಯಾನಿಂಗ್ ಮಾಡಿಸೋಣವೇ ಎಂದು ಕೇಳಿ. ವೃಷಣದ ಅಲ್ಟ್ರಾಸೌಂಡ್ ನೋವಿಲ್ಲದ, ಹತ್ತು ಹದಿನೈದು ನಿಮಿಷದ ಪರೀಕ್ಷೆ. ನೀರು ತುಂಬಿದ ಹೈಡ್ರೋಸೀಲ್ ಯಾವುದು, ಗಟ್ಟಿ ಗಡ್ಡೆ ಯಾವುದು ಎಂಬುದು ಅದರಲ್ಲಿ ಬೇರೆಯಾಗಿ ಕಾಣುತ್ತದೆ. ಗಡ್ಡೆಯೆಂದು ಕಂಡರೆ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಎಂಬ ಮೂರು ರಕ್ತ ಪರೀಕ್ಷೆಗಳು. ಇವು ಆಪರೇಷನ್‌ಗೆ ಮೊದಲೇ ಆಗಬೇಕು. ಎಷ್ಟಿತ್ತು ಎಂದು ಗೊತ್ತಿದ್ದರೆ ತಾನೇ ಆಪರೇಷನ್ ನಂತರ ಎಷ್ಟು ಇಳಿಯಿತು ಎಂದು ತಿಳಿಯುವುದು? ಈ ಮೂರೂ ಸರಿಯಾಗಿವೆ ಎಂದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲವೆಂದಲ್ಲ ಎಂಬುದೂ ನೆನಪಿರಲಿ.

ಇಲ್ಲಿ ಬರುವ ಒಂದು ವಿಷಯವನ್ನು ಓದುಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಉಳಿದ ಗಂಟುಗಳಿಗೆ ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷಿಸುವ ಹಾಗೆ ವೃಷಣದ ಗಡ್ಡೆಗೆ ಚೀಲದ ಮೂಲಕ ಸೂಜಿ ಹಾಕಬಾರದು. ಚೀಲವನ್ನು ಕೊಯ್ದು ಗಡ್ಡೆ ತೆಗೆಯಲೂ ಬಾರದು. ಸರಿಯಾದ ಆಪರೇಷನ್ ತೊಡೆಸಂದಿಯಲ್ಲಿ ಕೊಯ್ದು, ವೃಷಣಕ್ಕೆ ರಕ್ತ ತರುವ ನಾಳದ ಕಟ್ಟನ್ನು ಮೇಲ್ಗಡೆ ಕಟ್ಟಿ, ಇಡೀ ವೃಷಣವನ್ನು ಹಾಗೆಯೇ ಹೊರತೆಗೆಯುವುದು. ಕಾರಣ ಹೀಗಿದೆ. ವೃಷಣ ಹುಟ್ಟುವುದು ಹೊಟ್ಟೆಯಲ್ಲಿ ಮೂತ್ರಪಿಂಡದ ಹತ್ತಿರ. ಕೆಳಗಿಳಿಯುವಾಗ ತನ್ನ ರಕ್ತನಾಳ, ದುಗ್ಧನಾಳಗಳನ್ನೂ ಎಳೆದುಕೊಂಡು ಬರುತ್ತದೆ. ಆದ್ದರಿಂದ ರೋಗ ಹರಡಿದರೆ ಹೊಟ್ಟೆಯ ಹಿಂಭಾಗದ ಗ್ರಂಥಿಗಳಿಗೆ ಹೋಗುತ್ತದೆ, ಆ ದಾರಿ ವೈದ್ಯರಿಗೆ ಗೊತ್ತು. ಚೀಲದ ಚರ್ಮದ ದಾರಿಯೇ ಬೇರೆ, ಅದು ತೊಡೆಸಂದಿಯ ಗ್ರಂಥಿಗಳಿಗೆ ಹೋಗುತ್ತದೆ. ಚೀಲಕ್ಕೆ ಸೂಜಿ ಅಥವಾ ಚಾಕು ಹಾಕಿದರೆ ಇಲ್ಲದ ಎರಡನೆಯ ದಾರಿಯನ್ನು ನಾವೇ ತೆರೆದಂತೆ. ಹೈಡ್ರೋಸೀಲ್ ಎಂದುಕೊಂಡು ಚೀಲ ಕೊಯ್ದಾಗ ಒಳಗೆ ಗಡ್ಡೆ ಕಂಡಿತು ಎಂಬ ಪ್ರಸಂಗ ಬರದಿರಲು ಹೈಡ್ರೋಸೀಲ್ ಆಪರೇಷನ್‌ಗೆ ಮೊದಲೂ ಯುವಕರಿಗೆ ಒಂದು ಸ್ಕ್ಯಾನಿಂಗ್ ಇರಲಿ.

ಒಂದು ವೃಷಣ ತೆಗೆದರೆ ಗಂಡಸುತನ ಹೋಗುತ್ತದೆ ಎಂಬುದು ಸುಳ್ಳು. ಉಳಿದ ಒಂದು ಸರಿಯಾಗಿದ್ದರೆ ಹಾರ್ಮೋನಿಗೂ ಸಾಕು, ಮಕ್ಕಳಾಗಲಿಕ್ಕೂ ಸಾಕು. ಗಡ್ಡೆ ವೃಷಣದಲ್ಲೇ ಇದ್ದಾಗ ಎಷ್ಟೋ ಯುವಕರಿಗೆ ಈ ಒಂದು ಆಪರೇಷನ್, ನಂತರ ತಪ್ಪದ ತಪಾಸಣೆ, ಇಷ್ಟೇ ಸಾಕಾಗುತ್ತದೆ.

ಹರಡಿದ್ದರೆ? ಐವತ್ತು ವರ್ಷಗಳ ಹಿಂದೆ ಇದಕ್ಕೆ ಉತ್ತರ ಭಯಾನಕವಾಗಿತ್ತು, ಹತ್ತರಲ್ಲಿ ಒಬ್ಬ ಉಳಿಯುವುದೂ ಕಷ್ಟ. 1965ರಲ್ಲಿ ಅಮೆರಿಕದ ಬಾರ್ನೆಟ್ ರೋಸನ್‌ಬರ್ಗ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ ಪ್ರಯೋಗ ಮಾಡುತ್ತಿದ್ದಾಗ ಅವು ಒಡೆದು ಎರಡಾಗುವುದೇ ನಿಂತುಹೋಯಿತು. ಕಾರಣ ವಿದ್ಯುತ್ತಲ್ಲ, ತಂತಿಯ ತುದಿಯ ಪ್ಲಾಟಿನಂ ಕರಗಿ ಆದ ಒಂದು ಸಂಯುಕ್ತ. ಅದೇ ಇಂದಿನ ಸಿಸ್‌ಪ್ಲಾಟಿನ್ ಔಷಧ. 1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಡಾ. ಲಾರೆನ್ಸ್ ಐನ್‌ಹಾರ್ನ್ ಅದನ್ನು ಬೇರೆ ಎರಡು ಔಷಧಗಳ ಜೊತೆ ವೃಷಣ ಕ್ಯಾನ್ಸರಿಗೆ ಕೊಟ್ಟರು; ಸಾವನ್ನು ಎದುರು ನೋಡುತ್ತಿದ್ದ ಯುವಕರು ಎದ್ದು ಮನೆಗೆ ಹೋದರು. ಇಂದು ಎಲ್ಲ ಹಂತಗಳನ್ನೂ ಸೇರಿಸಿ ನೂರಕ್ಕೆ 95ರಷ್ಟು ಗುಣವಾಗುತ್ತಾರೆ. ಅತಿ ಕೆಟ್ಟ ಗುಂಪು ಎಂದು ವೈದ್ಯರು ಗುರುತಿಸುವವರಲ್ಲೂ ಸುಮಾರು ಅರ್ಧದಷ್ಟು ಜನ ಉಳಿಯುತ್ತಾರೆ. ಸೈಕಲ್ ಓಟಗಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ 1996ರಲ್ಲಿ ರೋಗ ಪತ್ತೆಯಾದಾಗ ಅದು ಪುಪ್ಪುಸ, ಮೆದುಳಿಗೂ ಹೋಗಿತ್ತು. ಗುಣವಾದರು. ಆಮೇಲೆ ಗೆದ್ದ ಪ್ರಶಸ್ತಿಗಳನ್ನು ಮದ್ದು ಸೇವಿಸಿದ್ದಕ್ಕೆ ಕಳೆದುಕೊಂಡದ್ದು ಬೇರೆ ಕಥೆ.

ಕೀಮೋ ಮುಗಿದ ಮೇಲೂ ಹೊಟ್ಟೆಯ ಹಿಂಭಾಗದಲ್ಲಿ ಗಡ್ಡೆ ಉಳಿದಿದ್ದರೆ, ಅದು ಸೆಮಿನೋಮಾ ಅಲ್ಲದ ಬಗೆಯಾಗಿದ್ದರೆ, ಸಾಮಾನ್ಯವಾಗಿ ಅದನ್ನು ತೆಗೆಯಲೇಬೇಕು. ತೆಗೆದು ನೋಡಿದಾಗ ಅರ್ಧದಷ್ಟು ಜನರಲ್ಲಿ ಸತ್ತ ಅಂಗಾಂಶ ಮಾತ್ರ ಇರುತ್ತದೆ. ಆದರೆ ಉಳಿದವರಲ್ಲಿ ಟೆರಟೋಮಾ ಇರುತ್ತದೆ, ಅದು ಕೀಮೋಗೆ ಜಗ್ಗುವುದಿಲ್ಲ. ಕೆಲವರಲ್ಲಿ ಜೀವಂತ ಕ್ಯಾನ್ಸರೂ ಇರುತ್ತದೆ. ಮಹಾಧಮನಿಯ ಸುತ್ತ ಗಂಟೆಗಟ್ಟಲೆ ಮಾಡುವ ಈ ಆಪರೇಷನ್ ಎಲ್ಲರ ಕೈಯ ಕೆಲಸವಲ್ಲ. ವೀರ್ಯ ಹೊರಬರುವಂತೆ ಮಾಡುವ ನರಗಳೂ ಅಲ್ಲೇ ಹಾದುಹೋಗುವುದರಿಂದ, ಅದನ್ನು ಮೇಲಿಂದ ಮೇಲೆ ಮಾಡುವ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೇ ಹೋಗಬೇಕು. ಹತ್ತಿರ ಎಂಬ ಕಾರಣಕ್ಕೆ ಇಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಎದೆಯ ಗಡ್ಡೆಯ ಮಾತಿಗೆ ನಮ್ಮೆಲ್ಲರಿಗೂ ಗೊತ್ತಿರುವ ಉದಾಹರಣೆ ಯುವರಾಜ್ ಸಿಂಗ್. 2011ರ ವಿಶ್ವಕಪ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಐರ್ಲೆಂಡ್ ವಿರುದ್ಧ ಐದು ವಿಕೆಟ್ ತೆಗೆದು ಅರ್ಧ ಶತಕವನ್ನೂ ಹೊಡೆದರು. ಕೆಲವು ದಿನಗಳ ನಂತರ ಚೆನ್ನೈನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಶತಕ ಹೊಡೆಯುವಾಗ ಮೈದಾನದಲ್ಲೇ ವಾಂತಿ ಮಾಡಿಕೊಂಡರು. ಕೆಮ್ಮು, ಸುಸ್ತು, ಉಸಿರಾಟದ ಕಷ್ಟ ಇದ್ದೂ ಆಡುತ್ತಲೇ ಹೋದರು, ಸರಣಿಯ ಶ್ರೇಷ್ಠ ಆಟಗಾರರಾದರು. ಎರಡು ಪುಪ್ಪುಸಗಳ ನಡುವೆ ಬೆಳೆದಿದ್ದ ಗಡ್ಡೆ ಜರ್ಮ್ ಸೆಲ್ ಟ್ಯೂಮರ್ ಎಂದು ಆಮೇಲೆ ಗೊತ್ತಾಯಿತು. 2012ರ ಆರಂಭದಲ್ಲಿ ಅದೇ ಐನ್‌ಹಾರ್ನ್ ಅವರ ಬಳಿ ಇಂಡಿಯಾನಾಪೊಲಿಸ್‌ನಲ್ಲಿ ಕೀಮೋ ಪಡೆದು, ಸೆಪ್ಟೆಂಬರ್‌ನಲ್ಲಿ ಭಾರತದ ಪರವಾಗಿ ಮತ್ತೆ ಆಡಿದರು. ಅಮೆರಿಕಕ್ಕೆ ಹೋಗುವ ಶಕ್ತಿ ನಮಗೆಲ್ಲಿ ಎಂದು ಕೇಳಬೇಡಿ. ಈ ರೋಗಕ್ಕೆ ಕೊಡುವ ಬ್ಲಿಯೋಮೈಸಿನ್, ಇಟೊಪೊಸೈಡ್, ಸಿಸ್‌ಪ್ಲಾಟಿನ್ ಎಂಬ ಮೂರೂ ಹಳೆಯ ಔಷಧಗಳು. ಇಲ್ಲಿಯೇ ತಯಾರಾಗುತ್ತವೆ, ಇಲ್ಲಿಯೇ ಸಿಗುತ್ತವೆ.

ನಮ್ಮ ಕಡೆಯ ಯುವಕನಿಗೆ ಕೆಮ್ಮು ಬಂದು ಎಕ್ಸರೇನಲ್ಲಿ ನೆರಳು ಕಂಡರೆ ಮೊದಲ ಸಂಶಯ ಟಿಬಿ. ಅದು ಸಹಜ, ಟಿಬಿಯೇ ಹೆಚ್ಚು. ಟಿಬಿ ಮಾತ್ರೆಯನ್ನು ಯಾರೂ ತಾವಾಗಿ ನಿಲ್ಲಿಸಬಾರದು. ಆದರೆ ಕಫದಲ್ಲಿ ಟಿಬಿ ಸಿಗದೆ, ಮಾತ್ರೆ ತಿಂದರೂ ಗುಣ ಕಾಣದೆ, ನೆರಳು ಎದೆಯ ಮಧ್ಯಭಾಗದಲ್ಲೇ ಇದ್ದರೆ ಸಿಟಿ ಸ್ಕ್ಯಾನ್ ಮತ್ತು ಆ ರಕ್ತ ಪರೀಕ್ಷೆಗಳು ಆಗಲೇಬೇಕು. ಇಂಥ ಗಡ್ಡೆಯನ್ನು ಎದೆ ತೆರೆದು ಮೊದಲೇ ತೆಗೆದುಹಾಕುವುದು ಸಾಮಾನ್ಯವಾಗಿ ಸರಿಯಾದ ಕ್ರಮವಲ್ಲ. ಮೊದಲು ಕೀಮೋ, ಉಳಿದದ್ದಕ್ಕೆ ಶಸ್ತ್ರಚಿಕಿತ್ಸೆ. ಬ್ಲಿಯೋಮೈಸಿನ್ ಪಡೆದವರು ಬೀಡಿ ಸಿಗರೇಟು ಮುಟ್ಟಲೇಬಾರದು, ಮುಂದೆ ಯಾವಾಗ ಯಾವ ಆಪರೇಷನ್ ಆದರೂ ಅರಿವಳಿಕೆ ಕೊಡುವ ವೈದ್ಯರಿಗೆ ಇದನ್ನು ಹೇಳಬೇಕು. ಆ ಔಷಧ ಪುಪ್ಪುಸದ ಮೇಲೆ ಗುರುತು ಬಿಡುವುದುಂಟು.

ಹೆಣ್ಣು ಮಕ್ಕಳ ವಿಷಯದಲ್ಲಿ ನನಗೆ ಹೇಳಲಿಕ್ಕೆ ಇನ್ನೂ ಹೆಚ್ಚಿದೆ, ಏಕೆಂದರೆ ಅಲ್ಲಿ ರೋಗದ ಜೊತೆ ಮಾನದ ಪ್ರಶ್ನೆಯೂ ಬಂದು ಸೇರುತ್ತದೆ. ಮದುವೆಯಾಗದ ಹುಡುಗಿಯ ಹೊಟ್ಟೆ ಕೆಲವೇ ವಾರಗಳಲ್ಲಿ ಮುಂದೆ ಬರುತ್ತದೆ, ಮುಟ್ಟು ಏರುಪೇರಾಗುತ್ತದೆ, ವಾಂತಿ, ಸುಸ್ತು. ತಾಯಿಯ ಎದೆ ಒಡೆಯುತ್ತದೆ. ಅತ್ತಿಗೆಯ ಕಣ್ಣು ಬೇರೆಯಾಗುತ್ತದೆ. ಮೆಡಿಕಲ್ ಅಂಗಡಿಯಿಂದ ತಂದ ಪಟ್ಟಿಯಲ್ಲಿ ಮೂತ್ರ ಪರೀಕ್ಷೆ ಮಾಡಿದರೆ ಎರಡು ಗೆರೆ. ಮುಗಿಯಿತು, ಮನೆಯವರ ಪಾಲಿಗೆ ತೀರ್ಪು ಬಂದೇಬಿಟ್ಟಿತು.

ಆ ಪಟ್ಟಿ ಹುಡುಕುವುದು ಮಗುವನ್ನಲ್ಲ, ಎಚ್‌ಸಿಜಿ ಎಂಬ ಹಾರ್ಮೋನನ್ನು. ಅಂಡಾಶಯದ ಕೆಲವು ಜರ್ಮ್ ಸೆಲ್ ಗಡ್ಡೆಗಳು ಅದೇ ಹಾರ್ಮೋನನ್ನು ತಾವೇ ತಯಾರಿಸುತ್ತವೆ. ಹುಡುಗಿ ಯಾರ ನೆರಳನ್ನೂ ತುಳಿದಿರುವುದಿಲ್ಲ, ಆದರೂ ಪಟ್ಟಿಯಲ್ಲಿ ಎರಡು ಗೆರೆ ಬರುತ್ತದೆ. ಆದ್ದರಿಂದ ಒಂದು ಸ್ಕ್ಯಾನಿಂಗ್ ಆಗುವ ತನಕ ಯಾರೂ ಬಾಯಿ ತೆರೆಯಬಾರದು, ಕೈ ಎತ್ತಬಾರದು. ಗುಟ್ಟಾಗಿ ಗರ್ಭ ಇಳಿಸುವ ಮಾತ್ರೆ ತಂದು ನುಂಗಿಸುವುದಂತೂ ಮಗಳ ಜೀವದ ಜೊತೆ ಆಟ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಖಾಲಿ ಇದ್ದು ಪಕ್ಕದಲ್ಲಿ ಗಡ್ಡೆ ಕಂಡರೆ ದಾರಿ ಸ್ಪಷ್ಟವಾಗುತ್ತದೆ. ದಾಖಲಾತಿಯಿಲ್ಲದೆ ಒಬ್ಬ ಹೆಣ್ಣಿನ ಮೇಲೆ ಆರೋಪ ಹೊರಿಸುವುದನ್ನು ನಮ್ಮ ದೀನ್ ಎಷ್ಟು ದೊಡ್ಡ ಪಾಪವೆಂದು ಎಣಿಸಿದೆ, ಅದಕ್ಕೆ ಎಂಥ ಶಿಕ್ಷೆ ಇಟ್ಟಿದೆ ಎಂಬುದು ಓದುಗರಿಗೆ ಗೊತ್ತೇ ಇದೆ. ವೈದ್ಯರಲ್ಲೂ ದಾದಿಯರಲ್ಲೂ ನನ್ನ ವಿನಂತಿ ಇದು: ಈ ವಯಸ್ಸಿನ ಹುಡುಗಿಯ ಪರೀಕ್ಷೆಯ ಫಲಿತಾಂಶವನ್ನು ಕಾರಿಡಾರಿನಲ್ಲಿ ನಿಂತು ಕೂಗಿ ಹೇಳಬೇಡಿ.

ಈಗ ಆಪರೇಷನ್. ವಯಸ್ಸಾದ ಹೆಂಗಸರ ಅಂಡಾಶಯದ ಕ್ಯಾನ್ಸರ್‌ನಲ್ಲಿ ಗರ್ಭಕೋಶ, ಎರಡೂ ಅಂಡಾಶಯ ಎಲ್ಲವನ್ನೂ ತೆಗೆಯುತ್ತಾರೆ. ಆದರೆ ಎಳೆಯ ಹುಡುಗಿಯರ ಜರ್ಮ್ ಸೆಲ್ ಗಡ್ಡೆಯಲ್ಲಿ ಹಾಗೆ ಮಾಡುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಗಡ್ಡೆ ಇರುವ ಕಡೆಯ ಅಂಡಾಶಯ ಮತ್ತು ಅದರ ನಾಳವನ್ನು, ಗಡ್ಡೆ ಒಡೆಯದಂತೆ ಹಾಗೆಯೇ ತೆಗೆದು, ಇನ್ನೊಂದು ಅಂಡಾಶಯವನ್ನು ನೋಡಿ, ಅದನ್ನೂ ಗರ್ಭಕೋಶವನ್ನೂ ಉಳಿಸುತ್ತಾರೆ. ರೋಗ ಹೊಟ್ಟೆಯಲ್ಲಿ ಸ್ವಲ್ಪ ಹರಡಿದ್ದರೂ ಇದೇ ನಿಯಮ, ಏಕೆಂದರೆ ಉಳಿದದ್ದನ್ನು ಕೀಮೋ ನೋಡಿಕೊಳ್ಳುತ್ತದೆ. ಡಿಸ್‌ಜರ್ಮಿನೋಮಾ ಎಂಬ ಬಗೆ ಹತ್ತರಲ್ಲಿ ಒಬ್ಬರಿಗೆ ಎರಡೂ ಕಡೆ ಇರಬಹುದು, ಆಗಲೂ ಉಳಿಸುವ ಪ್ರಯತ್ನ ನಡೆಯುತ್ತದೆ. ಬರಿಯ ಕೂದಲು ಹಲ್ಲಿನ ನಿರುಪದ್ರವಿ ಗಡ್ಡೆಯಾದರೆ ಗಡ್ಡೆಯನ್ನಷ್ಟೇ ಸುಲಿದು ತೆಗೆದರೆ ಆಯಿತು. ಅಂದಮೇಲೆ ಹದಿನೇಳರ ಹುಡುಗಿಗೆ ಎಲ್ಲವನ್ನೂ ತೆಗೆಯಬೇಕು ಎಂದು ಯಾರಾದರೂ ಹೇಳಿದರೆ ಸಹಿ ಹಾಕುವ ಮೊದಲು ಇನ್ನೊಬ್ಬ ಕ್ಯಾನ್ಸರ್ ತಜ್ಞರನ್ನು ಕೇಳಿ. ಕಲಬುರಗಿ ಜಿಲ್ಲೆಯಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆದ ವಿಷಯ 2015ರಲ್ಲಿ ಎಷ್ಟು ದೊಡ್ಡ ಸುದ್ದಿಯಾಗಿತ್ತು ಎಂಬುದನ್ನು ನಮ್ಮ ಹೆಂಗಸರು ಮರೆತಿರಲಾರರು. ಗಡ್ಡೆ ತಿರುಚಿಕೊಂಡು ಇದ್ದಕ್ಕಿದ್ದಂತೆ ಅಸಾಧ್ಯ ನೋವು ಬಂದರೆ ಮಾತ್ರ ಕಾಯಲು ಸಮಯವಿರುವುದಿಲ್ಲ, ಹತ್ತಿರದ ದವಾಖಾನೆಯಲ್ಲೇ ಆಪರೇಷನ್ ಆಗಬೇಕಾಗುತ್ತದೆ. ಆಗಲೂ ಒಂದು ಸೀಸೆ ರಕ್ತ ತೆಗೆದಿಟ್ಟು ಆ ಪರೀಕ್ಷೆಗಳಿಗೆ ಕಳಿಸಿ ಎಂದು ಕೇಳಬಹುದು.

ಗಂಡು ಡಾಕ್ಟರ್ ನೋಡುವುದು ಹೇಗೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಯಾ ನಮ್ಮ ಈಮಾನಿನ ಭಾಗ, ಅದನ್ನು ಹಗುರ ಮಾಡುವ ಮಾತು ನನ್ನದಲ್ಲ. ಹೆಣ್ಣು ಡಾಕ್ಟರ್ ಇದ್ದರೆ ಅವರಿಗೇ ತೋರಿಸಿ. ಆ ಕೆಲಸ ಬಲ್ಲ ಹೆಣ್ಣು ಡಾಕ್ಟರ್ ಸಿಗದಿದ್ದರೆ, ಮಹರಮ್ ಅಥವಾ ದಾದಿಯ ಎದುರಿನಲ್ಲಿ, ಬೇಕಾದಷ್ಟು ಭಾಗವನ್ನು ಮಾತ್ರ ತೆರೆದು, ಗಂಡು ಡಾಕ್ಟರ್ ನೋಡುವುದಕ್ಕೆ ಶರೀಅತ್ ಅನುಮತಿ ಕೊಟ್ಟಿದೆ. ಹುಡುಗರಿಗೂ ಅಷ್ಟೇ. ಹೊಕ್ಕುಳಿನಿಂದ ಮಂಡಿಯವರೆಗೆ ಮುಚ್ಚಬೇಕಾದ ಭಾಗ ಎಂಬುದು ಅವನಿಗೆ ಮದ್ರಸಾದಲ್ಲಿ ಕಲಿಸಿದ್ದೇವೆ, ಕಾಯಿಲೆಯಾದಾಗ ವೈದ್ಯರಿಗೆ ತೋರಿಸಬಹುದು ಎಂಬ ಮುಂದಿನ ಪಾಠವನ್ನು ಕಲಿಸಲಿಲ್ಲ. ಅಲ್ಲಾಹನು ರೋಗದ ಜೊತೆ ಮದ್ದನ್ನೂ ಇಳಿಸಿದ್ದಾನೆ, ಚಿಕಿತ್ಸೆ ಮಾಡಿಸಿಕೊಳ್ಳಬೇಕು ಎಂಬುದು ಪ್ರವಾದಿ(ಸ)ರ ಬೋಧನೆ. ದೀನಿನ ವಿಷಯ ಕೇಳಿ ತಿಳಿಯಲು ನಾಚಿಕೆಯನ್ನು ಅಡ್ಡ ಬರಗೊಡದ ಅನ್ಸಾರಿ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಮೆಚ್ಚಿ ಮಾತಾಡಿದ್ದರು. ಸರಸಂಬಾದಂಥ ಊರಿನ ಮಸೀದಿಯಲ್ಲಿ ಪೇಶ್ ಇಮಾಮರು ವರ್ಷಕ್ಕೊಮ್ಮೆ ಇಶಾ ನಮಾಝಿನ ನಂತರ ಹುಡುಗರನ್ನಷ್ಟೇ ಕೂರಿಸಿಕೊಂಡು, ಆಳಂದದಿಂದ ಒಬ್ಬ ಡಾಕ್ಟರನ್ನು ಕರೆಸಿ, ಅರ್ಧ ತಾಸು ಈ ಮಾತು ಆಡಿಸಿದರೆ ಸಾಕು. ಹೆಂಗಸರ ಇಜ್ತಿಮಾದಲ್ಲಿ ನರ್ಸ್ ಆಗಿರುವ ನಮ್ಮದೇ ಹುಡುಗಿಯರು ಹೇಳಲಿ. ಮನೆಯಲ್ಲಿ ಅಬ್ಬಾನಿಗೆ ಆಗದಿದ್ದರೆ ಮಾಮು ಕೇಳಲಿ, ಭಾಯಿಜಾನ್ ಕೇಳಲಿ.

ಮದುವೆ, ಮಕ್ಕಳ ಚಿಂತೆ ಸಣ್ಣದಲ್ಲ. ಕೀಮೋ ವೀರ್ಯದ ಮೇಲೆ ಪರಿಣಾಮ ಮಾಡುತ್ತದೆ. ಅನೇಕರಲ್ಲಿ ಒಂದೆರಡು ವರ್ಷಗಳಲ್ಲಿ ಮರಳುತ್ತದೆ, ಎಲ್ಲರಲ್ಲೂ ಅಲ್ಲ. ಆದ್ದರಿಂದ ಕೀಮೋ ಶುರುವಾಗುವ ಮೊದಲೇ ವೀರ್ಯವನ್ನು ಶೇಖರಿಸಿಡುವ ವ್ಯವಸ್ಥೆ ದೊಡ್ಡ ಊರುಗಳಲ್ಲಿದೆ, ಬೇಕೇ ಎಂದು ವೈದ್ಯರು ತಾವಾಗಿ ಕೇಳದಿದ್ದರೆ ನೀವು ಕೇಳಿ. ಅದನ್ನು ಮುಂದೆ ತನ್ನ ನಿಕಾಹ್ ಇರುವ ಹೆಂಡತಿಗಾಗಿ ಮಾತ್ರ ಬಳಸುವ ಶರತ್ತಿನ ಬಗ್ಗೆ ನಿಮ್ಮ ಮುಫ್ತಿಗಳಲ್ಲಿ ಮಾತಾಡಿ. ಒಂದು ಅಂಡಾಶಯ ಉಳಿದ ಹುಡುಗಿಯರಲ್ಲಿ ಹೆಚ್ಚಿನವರಿಗೆ ಕೀಮೋ ನಂತರವೂ ಮುಟ್ಟು ಮರಳಿ ಬರುತ್ತದೆ, ತಾಯಿಯೂ ಆಗುತ್ತಾರೆ. ಸಂಬಂಧ ಕೂಡಿಸುವಾಗ ಮುಚ್ಚಿಡಬೇಕೆಂದು ಹೇಳುವವರಿದ್ದಾರೆ. ಹೇಳಿಯೇ ಮಾಡಿ ಎಂಬುದು ನನ್ನ ಅಭಿಪ್ರಾಯ. ಆದರೆ ಎದುರಿನವರೂ ಗುಣವಾದ ಹುಡುಗಿಯನ್ನು ಒಡೆದ ಗಡಿಗೆಯಂತೆ ನೋಡುವುದನ್ನು ಬಿಡಬೇಕು.

ಕೊನೆಗೆ ದಾರಿ ಖರ್ಚಿನ ಮಾತು. ಕೀಮೋ ಎಂದರೆ ಮೂರು ವಾರಕ್ಕೊಂದು ಸುತ್ತು, ಮೊದಲ ಐದು ದಿನ ಸತತ, ಆಮೇಲೆ ವಾರಕ್ಕೊಂದು ಚುಚ್ಚುಮದ್ದು. ಹೀಗೆ ಮೂರು ಅಥವಾ ನಾಲ್ಕು ಸುತ್ತು, ಎರಡರಿಂದ ಮೂರು ತಿಂಗಳು. ಸರಸಂಬಾದಿಂದ ಆಳಂದ, ಆಳಂದದಿಂದ ಕಲಬುರಗಿ ಎಂದು ಬಸ್ಸು ಬದಲಾಯಿಸುತ್ತ, ಕೂಲಿ ಬಿಟ್ಟು ಜೊತೆಗೊಬ್ಬರು ಬರಬೇಕು. ಎರಡನೆಯ ಸುತ್ತಿಗೆ ಗಡ್ಡೆ ಕರಗಿತು, ಕೂದಲು ಉದುರಿತು, ದುಡ್ಡು ಮುಗಿಯಿತು ಎಂದು ನಡುವೆ ಬಿಟ್ಟರೆ ಗುಣವಾಗುವ ರೋಗ ಕೈತಪ್ಪುತ್ತದೆ. ಸುತ್ತುಗಳು ಹೇಳಿದ ದಿನಕ್ಕೇ ಆಗಬೇಕು. ರಮಝಾನ್ ಬಂದರೂ ನಿಲ್ಲಿಸಬೇಕಿಲ್ಲ, ರೋಗಿಗೆ ರೋಝಾದಿಂದ ರಿಯಾಯಿತಿ ಇದೆ. ಜಮಾಅತ್ ಕಮಿಟಿಗಳು ಮಯ್ಯಿತ್ ಆದ ಮೇಲೆ ಚಂದಾ ಎತ್ತುವ ಬದಲು, ಝಕಾತ್ ಹಣದಲ್ಲಿ ಅರ್ಹ ರೋಗಿಯ ಮೂರು ತಿಂಗಳ ಬಸ್ ಚಾರ್ಜು, ಊಟ, ಕಲಬುರಗಿಯಲ್ಲಿ ಒಂದು ಕೋಣೆ ಇಷ್ಟನ್ನು ಹೊತ್ತರೆ ಒಂದು ಜೀವ ಉಳಿಯುತ್ತದೆ. ಚಿಕಿತ್ಸೆಯ ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಇದಕ್ಕೂ ಮೊದಲು ಬಡವರ ದೊಡ್ಡ ಕಾಯಿಲೆಗಳಿಗೆಂದು ಬಂದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಶುರುವಾದದ್ದೇ ನಮ್ಮ ಗುಲ್ಬರ್ಗಾ ವಿಭಾಗದಲ್ಲಿ.

ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ, ಮೊದಲು ಅಲ್ಲಿಗೆ ಹೋಗಿ. ದೊಡ್ಡ ಆಪರೇಷನ್ ಬಿದ್ದರೆ ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ, ಹೈದರಾಬಾದಿನ ಎಂಎನ್‌ಜೆ. ಗಡಿ ಹಳ್ಳಿಗಳವರು ಸೊಲ್ಲಾಪುರ ದಾಟಿ ಬಾರ್ಶಿಯ ನರ್ಗಿಸ್ ದತ್ತ್ ಆಸ್ಪತ್ರೆಗೂ ಹೋಗಬಹುದು. ಒಂದು ರಫಿ ಅಹ್ಮದ್ ಕಿದ್ವಾಯಿ ಹೆಸರಿನದು, ಒಂದು ಮೆಹದಿ ನವಾಜ್ ಜಂಗ್ ಹೆಸರಿನದು, ಇನ್ನೊಂದು ನಟಿ ನರ್ಗಿಸ್ ಹೆಸರಿನದು. ನಮ್ಮವರ ಹೆಸರು ಹೊತ್ತ ಆ ಬಾಗಿಲುಗಳಿಗೆ ನಮ್ಮವರೇ ತಡವಾಗಿ ಹೋಗುವುದು ಎಂಥ ವಿಪರ್ಯಾಸ. ರಾಜ್ಯದ ಗಡಿ ದಾಟುವುದಾದರೆ ನಿಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಆರೋಗ್ಯಮಿತ್ರರಲ್ಲಿ ಕೇಳಿಕೊಂಡೇ ಹೊರಡಿ, ದಾಖಲಾದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಊರಲ್ಲಿ ಆಪರೇಷನ್ ಮಾಡಿಸಿ ಮುಂದೆ ಹೋಗುವವರು ಜೊತೆಗೆ ಒಯ್ಯಬೇಕಾದದ್ದು: ಆಪರೇಷನ್‌ಗೆ ಮೊದಲಿನ ಮತ್ತು ನಂತರದ ರಕ್ತದ ರಿಪೋರ್ಟು ತಾರೀಖು ಸಮೇತ, ಸ್ಕ್ಯಾನಿನ ಸಿಡಿ, ಡಿಸ್ಚಾರ್ಜ್ ಕಾಗದ, ಮತ್ತು ತೆಗೆದ ಗಡ್ಡೆಯ ಮೇಣದ ಬ್ಲಾಕ್ ಹಾಗೂ ಗಾಜಿನ ಸ್ಲೈಡುಗಳು. ಬ್ಲಾಕನ್ನು ಲ್ಯಾಬಿನವರು ತಾವಾಗಿ ಕೊಡುವುದಿಲ್ಲ, ಅರ್ಜಿ ಕೊಟ್ಟು ಕೇಳಬೇಕು. ಅಪರೂಪದ ಗಡ್ಡೆಯಾದ್ದರಿಂದ ದೊಡ್ಡ ಆಸ್ಪತ್ರೆಯವರು ಅದನ್ನು ಮತ್ತೆ ನೋಡಿಯೇ ಮುಂದಿನ ಹೆಜ್ಜೆ ಇಡುತ್ತಾರೆ, ಅದಿಲ್ಲದೆ ಹೋದವರನ್ನು ವಾಪಸ್ ಕಳಿಸಿದರೆ ಎರಡು ವಾರ ಹೋದಂತೆ. ಗುಣವಾದ ಮೇಲೂ ಆ ಫೈಲನ್ನು ಕಪಾಟಿನಲ್ಲಿ ಜೋಪಾನವಾಗಿಡಿ. ಮೊದಲೆರಡು ವರ್ಷ ಕೆಲವು ತಿಂಗಳಿಗೊಮ್ಮೆ, ನಂತರ ಐದು ವರ್ಷದವರೆಗೆ ಅಂತರ ಹೆಚ್ಚಿಸಿ, ರಕ್ತ ಮತ್ತು ಸ್ಕ್ಯಾನಿಗೆ ಕರೆಯುತ್ತಾರೆ. ವೃಷಣ ತೆಗೆಸಿಕೊಂಡ ನೂರು ಜನರಲ್ಲಿ ಸುಮಾರು ಇಬ್ಬರಿಗೆ ಮುಂದೆಂದೋ ಇನ್ನೊಂದು ಕಡೆಯೂ ಬರಬಹುದು. ಅವರಿಗೆ ಮಾತ್ರ ತಿಂಗಳಿಗೊಮ್ಮೆ ಮುಟ್ಟಿ ನೋಡಿಕೊಳ್ಳುವ ಅಭ್ಯಾಸ ಇರಲೇಬೇಕು.